ಹೊರಗಿನ ಡಬ್ಬಿಯಿಂದ ಬಂದ ಹರಕೆ

ನೇರಳೆಮಕ್ಕಿ ಅಮ್ಮನವರ ಯಕ್ಷಗಾನ ಮೇಳ ತಿರುಗಾಟಕ್ಕೆ ಹೊರಡಲು ಹನ್ನೆರಡು ದಿನ ಇದೆ ಎನ್ನುವಾಗ ಮೇಳದ ಕಂಪ್ಯೂಟರು ಕಣ್ಣು ಮುಚ್ಚಿತು. ಕಣ್ಣು ಮುಚ್ಚಿದ್ದು ಕಂಪ್ಯೂಟರು, ಬೆವರಿದ್ದು ಮೇಳದ ಗುಮಾಸ್ತ ಕುಷ್ಟ ಗಾಣಿಗ.

ಒಂದು ಯಂತ್ರ ಕೆಟ್ಟದ್ದಕ್ಕೆ ಇಷ್ಟು ಬೆವರು ಯಾಕೆ ಎಂದು ಕೇಳುವವರು ನಮ್ಮ ಕಡೆಯವರಲ್ಲ. ನಮ್ಮಲ್ಲಿ ಕಷ್ಟ ಬಂದಾಗ, ಇದೊಂದು ಆದರೆ ಅಮ್ಮನವರ ಮೇಳದ ಆಟ ಆಡಿಸುತ್ತೇನೆ ಎಂದು ಹರಕೆ ಹೊರುತ್ತಾರೆ. ಹೊತ್ತವರು ಸಾವಿರ ಸಾವಿರ, ಮೇಳ ಇರುವುದು ಒಂದು. ದೀಪಾವಳಿ ಕಳೆದು ಹೊರಟರೆ ಮಳೆಗಾಲದ ತನಕ ದಿನಕ್ಕೆ ಒಂದೇ ಆಟ. ಇವತ್ತು ಹೆಸರು ಬರೆಸಿದವನ ಸರದಿ ಬರುವುದು ಇಪ್ಪತ್ತು ವರ್ಷ ಬಿಟ್ಟು. ಸರದಿ ಬಂದ ವರ್ಷ ಮೇಳದಿಂದ ಕಾಗದದ ಜೊತೆ ಅಮ್ಮನವರ ಪ್ರಸಾದ ಹೋಗುತ್ತದೆ. ಯಾರಿಗೆ ಯಾವ ವರ್ಷ, ಯಾವ ದಿನ ಎಂಬ ಪಟ್ಟಿ ಕಳೆದುಹೋದರೆ ಮೇಳ ಹೊರಟು ನಿಲ್ಲುವುದಾದರೂ ಎಲ್ಲಿ? ಹೆದ್ದಾರಿಯಲ್ಲಾ?

ಮೊದಲು ಆ ಪಟ್ಟಿ ಕೆಂಪು ಬಟ್ಟೆ ಸುತ್ತಿದ ಒಂದು ದೊಡ್ಡ ಪುಸ್ತಕದಲ್ಲಿತ್ತು. ಇಪ್ಪತ್ತು ವರ್ಷದ ಹಿಂದೆ ಮುಂಬಯಿಯಲ್ಲಿ ಹೋಟೆಲು ಇಟ್ಟುಕೊಂಡ ನಮ್ಮೂರಿನ ಒಬ್ಬರು ಆಫೀಸಿನಲ್ಲಿ ಬಳಸಿ ಬಿಟ್ಟ ಎರಡು ಕಂಪ್ಯೂಟರನ್ನು ಊರಿಗೆ ಕಳಿಸಿದರು. ಆಗಲೇ ಹಳೆಯವು. ನೀಲಿ ಗಾಜಿನಂಥ ಮೈ, ಹಿಂದೆ ಡುಬ್ಬ. ಒಂದು ಮೇಳಕ್ಕೆ ಬಂತು, ಇನ್ನೊಂದು ಬೇರೆ ಯಾರಿಗೋ ಹೋಯಿತು. ಕುಷ್ಟನಿಗೆ ಸಿಕ್ಕಿದ ಬಿರುದು ‘ಕಂಪ್ಯೂಟರ್ ಕುಷ್ಟಣ್ಣ’.

ನಿಜ ಹೇಳಬೇಕೆಂದರೆ, ಪುಸ್ತಕದ ಮೂರು ಸಾವಿರ ಚಿಲ್ಲರೆ ಹೆಸರನ್ನು ಕೂತು ಟೈಪು ಮಾಡಿದ್ದು ಅವನ ಹೆಂಡತಿ ವನಜ. ಅವಳು ಮದುವೆಗೆ ಮೊದಲೇ ಕುಂದಾಪುರದಲ್ಲಿ ಟೈಪಿಂಗ್ ಸೀನಿಯರ್ ಪಾಸು ಮಾಡಿದವಳು. ಮಧ್ಯಾಹ್ನ ಗಂಡನಿಗೆ ಬುತ್ತಿ ತಂದವಳು ಸಂಜೆ ತನಕ ಕುಟ್ಟುತ್ತಿದ್ದಳು. ಕುಷ್ಟ ಪಕ್ಕದಲ್ಲಿ ನಿಂತು, “ಜೋರ್ ಗುದ್ಬೇಡ, ಹಾಳಾತ್ತ್” ಎನ್ನುತ್ತಿದ್ದ. ಆಮೇಲೆ ಬಂದ ಹೆಸರುಗಳನ್ನೂ ಅವಳೇ ಸೇರಿಸಿದ್ದು. ವರ್ಷಕ್ಕೊಮ್ಮೆ ಆ ಸಾಲಿನ ಹೆಸರು, ಊರು, ದಿನ ಇಷ್ಟನ್ನು ಪ್ರಿಂಟು ತೆಗೆಯುವುದು, ಆಯುಧಪೂಜೆಗೆ ಮಾಲೆ ಹಾಕುವುದು, ಇವೆರಡು ಬಿಟ್ಟರೆ ಆ ಕಂಪ್ಯೂಟರಿಗೂ ಕುಷ್ಟನಿಗೂ ಬೇರೆ ವ್ಯವಹಾರ ಇರಲಿಲ್ಲ.

ಅಷ್ಟರಲ್ಲೇ ನಿಂತಿದ್ದರೆ ಆಗುತ್ತಿತ್ತು. ಪುಣ್ಯಾತ್ಮ ನಿಲ್ಲಲಿಲ್ಲ. ಎಲ್ಲ ಕಂಪ್ಯೂಟರಿಗೆ ಏರಿದ ಮೇಲೆ ಹಳೆ ಪುಸ್ತಕ ಎಂತಕ್ಕೆ ಎಂದ. ಅಮ್ಮನವರ ಪುಸ್ತಕ, ಗುಜರಿಗೆ ಹಾಕುವ ಹಾಗಿಲ್ಲ, ಸುಡುವ ಹಾಗಿಲ್ಲ ಎಂದು ಅರಿಶಿನ ಕುಂಕುಮ ಹಾಕಿ, ವಾದ್ಯ ಊದಿಸಿ, ಹೊಳೆಗೆ ಬಿಟ್ಟ. ಆ ಪುಸ್ತಕ ಈಗ ಸಮುದ್ರದ ಯಾವ ಮೂಲೆಯಲ್ಲಿದೆಯೋ, ಓದಿದ್ದರೆ ಮೀನುಗಳೇ ಓದಿರಬೇಕು.

ದೇವಸ್ಥಾನದ ಮೊಕ್ತೇಸರ ಜಿತೇಂದ್ರ ಹೆಗ್ಡೆಯವರು ಬಂದು ಕಪ್ಪು ಪರದೆಯನ್ನು ನೋಡಿದರು. ಕುಷ್ಟನನ್ನೂ ನೋಡಿದರು.

“ಕುಷ್ಟ, ಬಪ್ಪು ಆಯ್ತಾರ ಸಭೆ. ಪಟ್ಟಿ ಇಲ್ದಿರೆ ನಿನ್ನ ಡಬ್ಬಿಯೂ ಇಲ್ಲ, ನೀನೂ ಇಲ್ಲ.”

ಮನೆಗೆ ಹೋದರೆ ವನಜ ಬಾಗಿಲಲ್ಲೇ ನಿಂತಿದ್ದಳು. “ಹ್ವಾಯ್, ಈ ವರ್ಷ ನಮ್ಮ ಆಟ ಇತ್ತ್, ನೆನ್ಪಿತ್ತಲ್ದಾ? ಫೆಬ್ರವರಿ ಹನ್ನೊಂದ್. ಹತ್ತೊಂಬತ್ ವರ್ಷ ಕಾದದ್ದ್ ನಾನ್. ಪಟ್ಟಿ ಹೋಯ್ತ್ ಅಂದ್ರೆ ನಾ ಕೇಂಬುದಿಲ್ಲ.”

ಆ ಹರಕೆ ಮಗಳು ಧನ್ಯಶ್ರೀ ಹುಟ್ಟಿದ್ದಕ್ಕೆ ಎಂದು ಕುಷ್ಟನ ಎಣಿಕೆ. ಅವನು ಹೆಂಡತಿಯನ್ನು ಕೇಳಿ ತಿಳಿದುಕೊಂಡ ವಿಷಯ ಲೋಕದಲ್ಲಿ ಕಡಿಮೆ.

ಮರುದಿನ ಬೈಂದೂರಿನ ಬಸ್ಸು ಹತ್ತಿದ. ಅಲ್ಲಿ ರತನ್ ಎಂಬವನ ಮೊಬೈಲು ರಿಪೇರಿ ಅಂಗಡಿ. ಅವನಿಗೆ ಹಳೆಯ ಕಂಪ್ಯೂಟರು ಎಂದರೆ ಊಟ ನಿದ್ದೆ ಬೇಡ. ಕುಷ್ಟ ಹೇಳಿದ್ದನ್ನೆಲ್ಲ ಕೇಳಿ, ಒಳಗಿಂದ ಇಟ್ಟಿಗೆಯಷ್ಟು ದಪ್ಪದ ಒಂದು ಡಬ್ಬಿ ತಂದ.

“ಕುಷ್ಟಣ್ಣ, ಒಳ್ಗಿನ ಡಿಸ್ಕ್ ಪೂರ್ತಿ ಸತ್ತಿಪ್ಪುಕಿಲ್ಲ. ಶುರು ಆಪು ಭಾಗ ಮಾತ್ರ ಹಾಳಾದ್ದ್ ಕಾಂತ್. ಈ ಹೊರ್ಗಿನ ಡ್ರೈವ್ ಸಿಕ್ಸಿ, ಇದ್ರಿಂದ ಬೂಟ್ ಮಾಡಿ. ಸ್ವಿಚ್ ಹಾಕುವತಿಗೆ ಈ ಒಂದ್ ಕೀ ಒತ್ತಿ ಹಿಡ್ಕಣ್ಕ್.”

“ಗೊತ್ತಿತ್ತ್, ಗೊತ್ತಿತ್ತ್.”

“ಅಲ್ಲ, ಕೇಣಿ. ಇದ್ ನಿಮ್ಮದೇ ನಮೂನಿ ಇನ್ನೊಂದ್ ಕಂಪ್ಯೂಟರಿಂದ್. ಅವ್ರ್ ಸಾಮಾನೆಲ್ಲ ಇದ್ರಗೇ ಇತ್ತ್. ಶುರು ಆದ್ಮೇಲೆ ಪರ್ದಿಯಗೆ ಎರಡ್ ಡಬ್ಬಿ ಚಿತ್ರ ಕಾಂತ್. ಮೇಲಿನದ್ದ್ ಅವ್ರದ್ದ್. ಕೆಳ್ಗಿನದ್ದ್...”

“ರತನಾ, ನಾನ್ ಕಂಪ್ಯೂಟರ್ ಮುಟ್ಟುಕೆ ಶುರು ಮಾಡುವತಿಗೆ ನೀನ್ ಹುಟ್ಟಿದ್ಯಾ? ನಂಗೆ ಡಬ್ಬಿ ಚಿತ್ರ ಹೇಳುಕೆ ಬತ್ಯಲೆ!”

ಹೊರಗೆ ಕುಂದಾಪುರದ ಎಕ್ಸ್‌ಪ್ರೆಸ್ ಬಸ್ಸು ಹಾರ್ನು ಹೊಡೆಯಿತು. ನಮ್ಮ ಹೆದ್ದಾರಿಯ ಎಕ್ಸ್‌ಪ್ರೆಸ್ಸು ಯಾರ ಅಪ್ಪನಿಗೂ ಕಾಯುವುದಲ್ಲ. ಕುಷ್ಟ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಿದ. ರತನ್ ಬಾಗಿಲಿಗೆ ಬಂದು, “ಕೆಳ್ಗಿನದ್ದ್ ನಿಮ್ಮದ್ದ್!” ಎಂದು ಕೂಗಿದ್ದು ಬಸ್ಸಿನ ಗೌಜಿಯಲ್ಲಿ ಅಲ್ಲೇ ಉಳಿಯಿತು.

ಶುಕ್ರವಾರ ಮಧ್ಯಾಹ್ನ ಮೇಳದ ಆಫೀಸಿನಲ್ಲಿ ಆ ದೊಡ್ಡ ಕೆಲಸ ಶುರುವಾಯಿತು. ಎಡಗೈಯಲ್ಲಿ ಕೀ ಒತ್ತಿ ಹಿಡಿಯಬೇಕು, ಬಲಗೈಯಲ್ಲಿ ಸ್ವಿಚ್ಚು. ಗೋಡೆಯ ಪ್ಲಗ್ಗು ಸಡಿಲ, ಅದನ್ನು ಅದುಮಿ ಹಿಡಿಯಲು ದೇವಸ್ಥಾನ ಗುಡಿಸುವ ಅಕ್ಕುವನ್ನು ಕರೆದದ್ದಾಯಿತು. ಮೊದಲ ಸಲ ಒತ್ತಿದಾಗ ಕುಷ್ಟನಿಗೆ ಸೀನು ಬಂತು, ಕೈ ಬಿಟ್ಟ. ಎರಡನೇ ಸಲ ಹೆಗ್ಡೆಯವರ ಫೋನು ಬಂತು, ಗಾಬರಿಯಲ್ಲಿ ಕೈ ಬಿಟ್ಟ. ಮೂರನೇ ಸಲ ಎಲ್ಲ ಸರಿಯಾಗಿತ್ತು. ಅಕ್ಕು, “ಕುಷ್ಟಣ್ಣ, ಬೆರ್ಳ್ ನೋವಾತ್ತಾ?” ಎಂದು ಕೇಳುತ್ತ ಪ್ಲಗ್ಗನ್ನೇ ಬಿಟ್ಟಳು.

“ಥೋ, ನಿನ್ನ! ಬೆರ್ಳ್ ನಂದ್, ನೋವ್ ನಂದ್, ನಿಂಗೆಂತಾ ಮಾರಾಯ್ತಿ? ಪ್ಲಗ್ ಹಿಡಿ!”

ನಾಲ್ಕನೇ ಸಲ ಯಂತ್ರ ಘಂಟೆ ಹೊಡೆದ ಹಾಗೆ ಸದ್ದು ಮಾಡಿತು. ಪರದೆ ಬೆಳಗಿತು. ಮೊದಲು ಅಲ್ಲಿ ಅಮ್ಮನವರ ಚಿತ್ರ ಇರುತ್ತಿತ್ತು. ಈಗ ಬಂದದ್ದು ಒಂದು ಕೆಂಪು ದನದ ಚಿತ್ರ.

ಬುದ್ಧಿ ಇರುವವನಿಗೆ ಇಲ್ಲೊಂದು ಅನುಮಾನ ಬರಬೇಕಿತ್ತು. ಅಕ್ಕು ಪ್ಲಗ್ಗು ಬಿಟ್ಟು ಎರಡೂ ಕೈ ಮುಗಿಯಲು ಹೊರಟಳು, ಕುಷ್ಟ ಗದರಿದ್ದಕ್ಕೆ ಒಂದೇ ಕೈಯಲ್ಲಿ ಮುಗಿದಳು. “ಅಮ್ನವ್ರ್ ಗೋವಿನ್ ರೂಪದಗೆ ಬಂದ್ರ್, ಕುಷ್ಟಣ್ಣ!”

“ಮತ್ತೆ? ಬರ್ದೆ ಎಲ್ ಹೋತ್ರ್?” ಎಂದ ಕುಷ್ಟ.

ದನದ ಕಿವಿಯ ಹತ್ತಿರ ‘ಈ ಸಾಲಿನ ಪಟ್ಟಿ’ ಎಂದು ಬರೆದಿತ್ತು. ಒತ್ತಿದ. ಸಾಲಾಗಿ ಹೆಸರು, ಊರು, ಫೋನ್ ನಂಬರು, ದಿನಾಂಕ, ಕೊನೆಯಲ್ಲಿ ಒಂದು ಅಂಕೆ. ನವೆಂಬರಿನಿಂದ ಮೇ ತನಕ ನೂರ ಅರವತ್ತಮೂರು ಹೆಸರು. ಮೇಳ ತಿರುಗುವುದೂ ಸುಮಾರು ಅಷ್ಟೇ ದಿನ. ಕುಷ್ಟನ ಕಣ್ಣಲ್ಲಿ ನೀರು ಬಂತು. ಎದುರಿನ ಅಂಕೆ ಆ ಮನೆಯವರ ಎಷ್ಟನೇ ಹರಕೆ ಆಟ ಎಂಬ ಲೆಕ್ಕ ಇರಬೇಕು ಎಂದು ಅವನೇ ತೀರ್ಮಾನ ಮಾಡಿಕೊಂಡ.

ಬುತ್ತಿ ತಂದ ವನಜ ಹಿಂದಿನಿಂದ ಬಗ್ಗಿ ನೋಡಿದಳು. “ಇದ್ ನಾನ್ ಟೈಪ್ ಮಾಡದ್ದಲ್ಲ.”

“ಮತ್ತ್ ಯಾರ್ ಮಾಡದ್ದ್, ಅಕ್ಕುವಾ?”

“ಫೆಬ್ರವರಿ ಹನ್ನೊಂದಕ್ಕೆ ಸಾಲಿಗ್ರಾಮದ ಸರೋಜಕ್ಕ ಅಂದೇಳಿ ಇತ್ತಲೆ! ಅದ್ ನಮ್ಮ ದಿನ.”

“ಕಂಪ್ಯೂಟರ್ ಸುಳ್ಳ್ ಹೇಳ್ತಾ?”

“ಹಂಗಾರೆ ನಾನ್ ಸುಳ್ಳ್ ಹೇಳ್ತ್ನಾ?”

ಇಂಥ ಜಾಗದಲ್ಲಿ ಗಂಡಸಾದವನು ನೀರು ಕುಡಿಯಲು ಎದ್ದು ಹೋಗಬೇಕು. ಕುಷ್ಟ ಹೋಗಲಿಲ್ಲ. “ನಿಂಗ್ ಪ್ರಾಯ ಆಯ್ತ್, ಮರ್ತಿಪ್ಪುಕೂ ಸಾಕ್” ಎಂದ. ವನಜ ಬುತ್ತಿ ಇಟ್ಟು ತಿರುಗಿ ನೋಡದೆ ಹೋದಳು. ಅವತ್ತಿನ ಬುತ್ತಿಯಲ್ಲಿ ಬಂಗುಡೆ ಇತ್ತು. ಮರುದಿನ ಬರೀ ಗಂಜಿ ಬಂತು, ಉಪ್ಪಿನಕಾಯಿಯೂ ಇರಲಿಲ್ಲ.

ಕುಷ್ಟ ಪಟ್ಟಿ ಪ್ರಿಂಟು ತೆಗೆದು ಬೋರ್ಡಿಗೆ ಅಂಟಿಸಿ, ಬಸ್ಸಿನ ಕಂಡಕ್ಟರುಗಳ ಕೈಯಲ್ಲಿ ಊರೂರಿಗೆ ಪ್ರಸಾದ ಕಳಿಸಿ, ಫೋನಿಗೆ ಕೂತ. ಮೊದಲು ಸರೋಜಕ್ಕನಿಗೆ. ಅವರು ಮೀನು ಮಾರುವವರು, ಸಂತೆಯ ಮಧ್ಯದಿಂದಲೇ ಮಾತಾಡಿದರು.

“ನನ್ನ ಹರ್ಕಿ ಆಟವಾ? ನಾ ಯಾವಾಗ್ಳ್ ಹೊತ್ತದ್ದ್?”

“ಅದ್ ನಂಗ್ ಹ್ಯಾಂಗ್ ಗೊತ್ತಾತ್ತ್ ಸರೋಜಕ್ಕ? ಇಲ್ಲಿ ನಿಮ್ಮ ಹೆಸ್ರಿತ್ತ್. ಅದೂ ನಾಲ್ಕನೇದ್ ಅಂಬ್ರ್.”

“ನಾಲ್ಕಾ! ಮೂರ್ ಯಾವಾಗ್ಳ್ ಆಯ್ತ್?” ಅವರು ಯಾರಿಗೋ ಬಂಗುಡೆ ಎಣಿಸಿ ಕೊಟ್ಟದ್ದು ಕೇಳಿತು. ಆಮೇಲೆ ಸ್ವರ ಇಳಿಯಿತು. “ತಡಿನಿ. ನಮ್ಮ ದೋಣಿ ಮಗುಚದ್ ವರ್ಷ ಅತ್ತೆ ಎಂತದೋ ಹೊತ್ತಿದ್ರ್. ಹೇಳ್ದೇ ತೀರ್ಕಂಡ್ರ್. ಆಯ್ತ್, ಆಡ್ಸುವ.”

ಇದೇ ನೋಡಿ ನಮ್ಮವರ ಹಣೆಬರಹ. ಬೇರೆ ಊರಿನಲ್ಲಾದರೆ ಮೊದಲನೆಯವನೇ, ನಾನು ಹರಕೆ ಹೊತ್ತಿಲ್ಲ, ಇಡು ಫೋನು ಎನ್ನುತ್ತಿದ್ದ, ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಮ್ಮಲ್ಲಿ ಅಮ್ಮನವರ ಕಡೆಯಿಂದ ಕರೆ ಬಂದರೆ ಇಲ್ಲ ಎನ್ನುವ ಎದೆ ಯಾರಿಗಿದೆ? ಅಜ್ಜಿ ಹೊತ್ತಿರಬಹುದು, ಚಿಕ್ಕಮ್ಮ ಹೊತ್ತಿರಬಹುದು. ಇಲ್ಲ ಎಂದ ಮರುದಿನ ಮೆಟ್ಟಿಲಲ್ಲಿ ಕಾಲು ಜಾರಿದರೆ ಹೊಣೆ ಯಾರು? ನೂರ ಅರವತ್ತಮೂರು ಮನೆಯಲ್ಲಿ ಒಬ್ಬನೂ ಇಲ್ಲ ಎನ್ನಲಿಲ್ಲ. ಎಲ್ಲರಿಗೂ ಒಂದೊಂದು ಕಾರಣ ನೆನಪಾಯಿತು.

ಶಿರೂರಿನ ತಿಮ್ಮ ಒಬ್ಬ ಸ್ವಲ್ಪ ಹಾರಾಡಿದ. ಅರ್ಧ ಗಂಟೆ ಬಿಟ್ಟು ಅವನೇ ಫೋನು ಮಾಡಿದ. “ಕುಷ್ಟಣ್ಣ, ಅಪ್ಪಯ್ಯ ಹೊತ್ತದ್ದಿರ್ಕ್. ನಂಗೆ ಮದಿ ಆಯ್ಲಿ ಅಂದೇಳಿ.”

“ಮದಿ ಆಯ್ತಾ, ಹೆಣ್ಣ್ ಸಿಕ್ತಾ?”

“ಎಲ್ಲಿ? ನಲ್ವತ್ತಾರ್ ಆಯ್ತ್ ನಂಗೆ. ಆಟ ಆಡ್ಸದೇ ಬಾಕಿ ಆದ್ದಕ್ಕೇ ಆಗ್ಲಿಲ್ಲ ಕಾಂತ್.”

ಮೊಕ್ತೇಸರರ ಹೆಸರೂ ಪಟ್ಟಿಯಲ್ಲಿತ್ತು, ಎದುರಿಗೆ ಆರು. ಹೆಗ್ಡೆಯವರು ಎರಡೂ ಕೈಯಲ್ಲಿ ಪ್ರಸಾದ ತೆಗೆದುಕೊಂಡು, ತಾನು ಮೊಕ್ತೇಸರನಾಗಲಿ ಎಂದು ತಾಯಿ ಹೊತ್ತ ಹರಕೆ ಇದು ಎಂದು ಎರಡು ದಿನ ಕುಂದಾಪುರ ಪೇಟೆಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದರು. ಆರು ಆಟದ ಮನೆ ಇನ್ನೊಂದಿದ್ದರೆ ತೋರಿಸಿ ಎಂದೂ ಕೇಳಿದರು.

ಶನಿವಾರ ಬೇರೆ ಫೋನುಗಳು ಶುರುವಾದವು. ಜಲಜ ಎಂಬವರು ಬ್ರಹ್ಮಾವರದಿಂದ ಮಾಡಿದರು. “ಈ ವರ್ಷ ನಮ್ದ್ ಅಂದಿದ್ರಿ, ಕಾಗ್ದ ಬರ್ಲಿಲ್ಲ್ಯಲೆ?”

“ಕಂಪ್ಯೂಟ್ರಗೆ ನಿಮ್ಮ ಹೆಸ್ರಿಲ್ಲ, ಅಕ್ಕ.”

“ಇಪ್ಪತ್ ವರ್ಷ ಕಾದದ್ದ್ ನಿನ್ನ ಕಂಪ್ಯೂಟ್ರಾ, ನಾನಾ?”

ಅಂಥವರು ಸಂಜೆಯೊಳಗೆ ಇಪ್ಪತ್ತೇಳು ಮಂದಿಯಾದರು. ಮನೆಯಲ್ಲಿ ವನಜ ಕೇಳಿದಳು, “ಇಪ್ಪತ್ತೇಳ್ ಜನ್ರಿಗೂ ಪ್ರಾಯ ಆಯ್ತಾ?”

“ನೀವೆಲ್ಲ ಒಂದಾಯ್ದ್ರಿ! ವಿಜ್ಞಾನದ್ ಮುಂದೆ ನೆನ್ಪು ಗಿನ್ಪು ನಡುದಿಲ್ಲ!” ಎಂದು ಕುಷ್ಟ ಕೂಗಿದ. ಕೂಗಿ, ಉಪ್ಪಿಲ್ಲದ ಗಂಜಿ ಕುಡಿದ.

ಭಾನುವಾರ ಬೆಳಿಗ್ಗೆ ಸಭೆ. ಆಫೀಸಿನ ಜಗಲಿ ತುಂಬಿ ಅಂಗಳಕ್ಕೆ ಜನ ಇಳಿದಿತ್ತು. ಒಂದು ಬದಿಗೆ ಪ್ರಸಾದ ಸಿಕ್ಕಿದವರು, ಇನ್ನೊಂದು ಬದಿಗೆ ಸಿಗದವರು. ಸರೋಜಕ್ಕ ಬಂದದ್ದು ಯೋಗೀಶನ ಬೈಕಿನಲ್ಲಿ. ಯೋಗೀಶ ಎಂದರೆ ಶಿರೂರಿನಿಂದ ಸಾಲಿಗ್ರಾಮದ ತನಕ ಮನೆಮನೆ ತಿರುಗಿ ದನಗಳಿಗೆ ಗಬ್ಬದ ಸೂಜಿ ಕೊಡುವವನು.

“ಫೆಬ್ರವರಿ ಹನ್ನೊಂದಕ್ಕೆ ದನ ಕರ ಹಾಕ್ತ್ ಅಂದದ್ ಇವ್ರ್. ಅದೇ ದಿನ ಆಟ ಅಂದದ್ ನೀವ್. ನಾ ಹಟ್ಟಿಗೆ ಹೋಯ್ಕಾ, ಆಟದ ಚೌಕಿಪೂಜೆಗೆ ಹೋಯ್ಕಾ? ಇಬ್ರೂ ಕೂಕಂಡ್ ಒಂದ್ ದಿನ ಮುಂದೆ ಹಿಂದೆ ಮಾಡಿ” ಎಂದು ಸರೋಜಕ್ಕ ಹೇಳಿದರು.

ಯೋಗೀಶ ಬೋರ್ಡಿನ ಹತ್ತಿರ ಹೋದ. ಬೆರಳಿಟ್ಟು ಮೇಲಿಂದ ಕೆಳಗೆ ಓದಿದ.

“ಕುಷ್ಟಣ್ಣ, ಇದ್ ಎಲ್ ಸಿಕ್ತ್ ನಿಮ್ಗೆ? ಇದ್ ನನ್ನ ಪಟ್ಟಿ. ಮುಂಬೈಯವ್ರ್ ಕೊಟ್ಟದ್ ಕಂಪ್ಯೂಟ್ರಗೆ ಹೋದ್ ಆಗಸ್ಟ್ ತನ್ಕ ನಾನೇ ಬರ್ದದ್ದ್. ಅದ್ ಹಾಳಾದ್ಮೇಲೆ ಎಲ್ಲ ರತನನ ಡ್ರೈವಿಗೆ ಹಾಕ್ಸಿದೆ.”

“ನಿಂಗೆಂತ ಹರ್ಕಿ ಪಟ್ಟಿ?” ಎಂದರು ಹೆಗ್ಡೆಯವರು.

“ಹರ್ಕಿ ಎಲ್ಲಿತ್ತ್? ಸೂಜಿ ಕೊಟ್ಟ ದಿನ್ದಿಂದ ಒಂಬತ್ ತಿಂಗ್ಳ್ ಹತ್ ದಿನ ಎಣ್ಸಿ, ದನ ಕರ ಹಾಕು ದಿನ ಬರ್ದಿಟ್ಟದ್ದ್.”

ಹೆಗ್ಡೆಯವರು ಮೆಲ್ಲಗೆ ಕೇಳಿದರು. “ಹಂಗಾರೆ ನನ್ನ ಎದ್ರಿಗೆ ಆರ್ ಅಂತ್ ಇಪ್ಪುದ್...?”

“ನಿಮ್ಮ ಗಂಗೆದ್ದ್, ಹೆಗ್ಡೇರೆ. ಆರನೇ ಕರ.”

ತಿಮ್ಮ ಹಿಂದಿನಿಂದ ಕೈ ಎತ್ತಿದ. “ನಂದ್ ಒಂದ್ ಅಂತಿತ್ತಲೆ, ಯೋಗೀಶಣ್ಣ?”

“ಅದ್ ನಿಮ್ಮ ಕಡ್ಸ್. ಚೊಚ್ಚಲ.”

“ನಮ್ಮ ಮನೆಗೆ ಅದ್ಕಾರೂ ಯೋಗ ಕೂಡಿ ಬಂತಲೆ” ಎಂದು ತಿಮ್ಮ ಕೆಳಗೆ ಕೂತ.

ಆಮೇಲೆ ಆದದ್ದನ್ನು ಗಲಾಟೆ ಎಂದರೆ ಸಾಲದು. ಪ್ರಸಾದ ಸಿಗದವರು ಕುಷ್ಟನ ಕಡೆ ನುಗ್ಗಿದರು. ಸಿಕ್ಕಿದವರು, ಪ್ರಸಾದ ದೇವರ ಕೋಣೆಗೆ ಹೋಗಿ ಆಯಿತು, ವಾಪಾಸು ಕೊಡುವ ಕ್ರಮ ಯಾವ ಊರಲ್ಲಿದೆ ಎಂದು ಎದ್ದರು. ಅಕ್ಕು ಮಾತ್ರ, ಗೋವಿನ ರೂಪದಲ್ಲಿ ಬಂದ ಅಮ್ಮನವರು ಗೋವಿನ ಪಟ್ಟಿಯನ್ನೇ ಕೊಡುತ್ತಾರಲ್ಲದೆ ಮತ್ತೆಂತ ಕೊಡುತ್ತಾರೆ ಎಂದು ಎಲ್ಲರಿಗೂ ಸಮಾಧಾನ ಹೇಳುತ್ತ ತಿರುಗಿದಳು. ಹೆಗ್ಡೆಯವರಿಗೆ ಕುಂದಾಪುರ ಪೇಟೆಯಲ್ಲಿ ತಾನು ಹೇಳಿದ್ದೆಲ್ಲ ಒಟ್ಟಿಗೆ ನೆನಪಾಯಿತು. ಮುಖ ಕೆಂಪಾಯಿತು.

“ಕುಷ್ಟ, ಏಳ್ ಕುರ್ಚಿಯಿಂದ!”

ಕುಷ್ಟ ಎದ್ದ. ಕಂಪ್ಯೂಟರಿನ ಎದುರಿನ ಆ ಕುರ್ಚಿಯಲ್ಲಿ, ಸಿಗದವರ ಬದಿಯಿಂದ ವನಜ ಬಂದು ಕೂತಳು. ಯಾರನ್ನೂ ಕೇಳಲಿಲ್ಲ. ದನದ ಚಿತ್ರದ ಪಕ್ಕದಲ್ಲಿ ಒಂದರ ಕೆಳಗೆ ಒಂದು ಎರಡು ಡಬ್ಬಿ ಕಾಣುತ್ತಿದ್ದವು.

“ಹ್ವಾಯ್, ಈ ಕೆಳ್ಗಿನದ್ದ್ ಎಂತದ್ದ್?”

“ಅದನ್ನ್ ಮುಟ್ಬೇಡ! ಅದ್ ಎಂತ ಅಂತ ನಂಗೇ ಗೊತ್ತಿಲ್ಲ!”

ಅಷ್ಟು ಕೇಳಿದ್ದೇ ಅವಳಿಗೆ ಧೈರ್ಯ ಬಂತು. ಎರಡು ಸಲ ಒತ್ತಿದಳು. ಇಪ್ಪತ್ತು ವರ್ಷದಿಂದ ಅವಳು ಕುಟ್ಟಿದ ಹೆಸರುಗಳೆಲ್ಲ ಒಂದೂ ಕಳೆಯದೆ ಅಲ್ಲೇ ಕೂತಿದ್ದವು. ಎರಡು ದಿನದಿಂದ ಎಲ್ಲರ ಕಣ್ಣೆದುರಿಗೇ ಇದ್ದವು.

ಅರ್ಧ ಗಂಟೆಯಲ್ಲಿ ಜಗಳ ತೀರಿತು. ಈ ವರ್ಷ ಈ ಪಟ್ಟಿಯಂತೆ ಆಟ. ಪ್ರಸಾದ ಮನೆಗೆ ಹೋದ ದನದವರ ಹೆಸರು ಸಾಲಿನ ಕೊನೆಗೆ, ಅಂದರೆ ಇಪ್ಪತ್ತು ವರ್ಷದ ಮೇಲೆ. ಬೇಸರ ಆದದ್ದು ಸರೋಜಕ್ಕನಿಗೆ ಒಬ್ಬರಿಗೇ. ಅತ್ತೆಯ ಹರಕೆ ಅಷ್ಟು ದಿನ ಬಾಕಿ ಇಟ್ಟುಕೊಂಡು ನಿದ್ದೆ ಬರುವುದು ಹೇಗೆ ಎಂದು ಕಣ್ಣು ಒರೆಸಿಕೊಂಡರು.

ಆದರೆ ಹೆಗ್ಡೆಯವರಿಗೆ ಈಗ ಯಾವ ಪಟ್ಟಿಯ ಮೇಲೂ ನಂಬಿಕೆ ಇಲ್ಲ. ಇದು ಯಾರ ಕೋಳಿ ಮೊಟ್ಟೆ ಇಟ್ಟ ಲೆಕ್ಕವೋ ಎಂದು ಕನ್ನಡಕ ಹಾಕಿಕೊಂಡು, ಹೆಸರಿನ ಜೊತೆ ಪ್ರಿಂಟಿನಲ್ಲಿ ಎಂದೂ ಬಾರದ ಕೊನೆಯ ಕಾಲಮ್ಮನ್ನೂ, ಅಂದರೆ ಹರಕೆಯ ಕಾರಣವನ್ನೂ ಗಟ್ಟಿಯಾಗಿ ಓದಿ ಒಪ್ಪಿಗೆ ಕೇಳತೊಡಗಿದರು.

“ಜಲಜ, ಬ್ರಹ್ಮಾವರ. ಮಗನ ಕಾಲು ಸರಿಯಾದರೆ. ಆಯ್ತಾ?”

“ಆಯ್ತ್, ಹೆಗ್ಡೇರೆ. ಈಗ ಬಸ್ ಡ್ರೈವರ್ ಅವ.”

ಒಂದೊಂದಾಗಿ ಫೆಬ್ರವರಿಗೆ ಬಂದರು. “ಹನ್ನೊಂದನೇ ತಾರೀಕು. ವನಜ, ಕುಷ್ಟ ಗಾಣಿಗನ ಹೆಂಡತಿ.” ಓದುವುದನ್ನು ನಿಲ್ಲಿಸಿದರು.

ಕುಷ್ಟನಿಗೆ ಆ ದಿನ ಮೊದಲ ಸಲ ಜೀವ ಬಂದ ಹಾಗಾಯಿತು. “ಓದಿ ಹೆಗ್ಡೇರೆ, ಜೋರಾಗೇ ಓದಿ. ಮಗ್ಳ್ ಹುಟ್ಟದ್ದಕ್ಕೆ ಹೊತ್ತದ್ದ್ ಅದ್.”

ಹೆಗ್ಡೆಯವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಓದಿದರು. “ಗಂಡನಿಗೆ ಬುದ್ಧಿ ಬಂದರೆ.”

ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಕುಷ್ಟನಿಗೆ ಎಷ್ಟೋ ಸುಖವಿತ್ತು. ಜಗಲಿಯಿಂದ, ಅಂಗಳದಿಂದ ಎಲ್ಲರೂ ಅವನನ್ನೇ ನೋಡಿದರು. ಹೆಗ್ಡೆಯವರು ನಿಯಮದ ಮನುಷ್ಯ, ಕೇಳದೆ ಬಿಡುವವರಲ್ಲ.

“ವನಜ, ಕ್ರಮ ಗೊತ್ತಿತ್ತಲೆ ನಿಂಗೆ. ಕಾರ್ಯ ಆದ್ಮೇಲೆ ಆಟ. ಆಯ್ತ್ ಅಂತ್ ಬರ್ಕಂಬುದಾ?”

ವನಜ ಗಂಡನನ್ನು ತಲೆಯಿಂದ ಕಾಲಿನ ತನಕ ಒಮ್ಮೆ ನೋಡಿದಳು.

“ಹೋದ್ ವಾರದ್ ತನ್ಕ, ಬಂತ್ ಅಂದೇಳಿಯೇ ಅಂದ್ಕಂಡಿದ್ದೆ ಹೆಗ್ಡೇರೆ” ಎಂದಳು. “ಆ ದಿನ ಸರೋಜಕ್ಕಂಗೆ ಕೊಡಿ. ನಮ್ಮದ್ ಇನ್ನೊಂದ್ ಇಪ್ಪತ್ ವರ್ಷ ಮುಂದೆ ಹಾಕುವ.”